ದೂರ ಹಾರುವವರ ದಣಿವನ್ನು ಅಳೆಯುವವರು ಯಾರು?

2021ರ ಜನವರಿ 9ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ಉತ್ತರ ಧ್ರುವ ಪ್ರದೇಶವನ್ನು ದಾಟಿ, ನಡುವೆ ಎಲ್ಲಿಯೂ ಇಳಿಯದೆ, ಜನವರಿ 11ರ ನಸುಕಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿಯಿತು. ಸುಮಾರು 14 ಸಾವಿರ ಕಿಲೋಮೀಟರ್ ದೂರ, 17 ಗಂಟೆಗೂ ಮಿಕ್ಕಿದ ಹಾರಾಟ. ವಿಮಾನವನ್ನು ನಡೆಸಿದವರು ಝೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್ ಎಂಬ ನಾಲ್ವರು ಮಹಿಳಾ ಪೈಲಟ್‌ಗಳು. ದೇಶದ ಪತ್ರಿಕೆಗಳು ಈ ಸುದ್ದಿಯನ್ನು ಸಂಭ್ರಮದಿಂದ ಪ್ರಕಟಿಸಿದವು. ಸಂಭ್ರಮಕ್ಕೆ ಕಾರಣವೂ ಇತ್ತು. ಭಾರತದ ಯಾವ ವಿಮಾನ ಕಂಪನಿಯೂ ಅದುವರೆಗೆ ಅಷ್ಟು ದೂರದ ನೇರ ಸೇವೆಯನ್ನು ಆರಂಭಿಸಿರಲಿಲ್ಲ.

ಆದರೆ ಪೈಲಟ್‌ಗಳು ನಾಲ್ವರು ಏಕಿದ್ದರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ವಿಮಾನವನ್ನು ಹಾರಿಸಲು ಇಬ್ಬರು ಸಾಕು. ಉಳಿದಿಬ್ಬರು ಇರುವುದು ಮೊದಲಿನ ಇಬ್ಬರು ಮಲಗುವುದಕ್ಕಾಗಿ. ಸಾಮಾನ್ಯವಾಗಿ 16 ಗಂಟೆಗಿಂತ ದೀರ್ಘವಾದ ಹಾರಾಟವನ್ನು ಅತಿ ದೂರದ ಹಾರಾಟ ಎಂದು ಪರಿಗಣಿಸಲಾಗುತ್ತದೆ. ಅಂತಹ ವಿಮಾನದಲ್ಲಿ ಸಿಬ್ಬಂದಿ ಸರದಿಯ ಮೇಲೆ ನಿದ್ರಿಸಲು ಮಂಚಗಳಿರುತ್ತವೆ. ಹೊರಡುವ ಮುನ್ನ ಇಂತಿಷ್ಟು ವಿಶ್ರಾಂತಿ, ತಲುಪಿದ ಊರಿನಲ್ಲಿ ಇಂತಿಷ್ಟು, ಮರಳಿದ ಮೇಲೆ ಇಂತಿಷ್ಟು ಎಂಬ ನಿಯಮಗಳಿರುತ್ತವೆ. ಯಂತ್ರಕ್ಕೆ ಇಂಧನ ತುಂಬಿದರೆ ಸಾಕು. ಮನುಷ್ಯನಿಗೆ ನಿದ್ರೆಯೇ ಬೇಕು. ಆದುದರಿಂದ ವಿಮಾನದ ದೂರ ಹೆಚ್ಚಿದಂತೆಲ್ಲ ಅದರೊಳಗೆ ದುಡಿಯುವವರ ದಣಿವಿನ ಪ್ರಶ್ನೆಯೂ ದೊಡ್ಡದಾಗುತ್ತಾ ಹೋಗುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಕುಳಿತು ಓದುವವರಿಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ ವಾಸ್ತವವೇನು? ನಮ್ಮ ಈ ಮೂರೂ ತಾಲೂಕುಗಳಲ್ಲಿ ಕೊಲ್ಲಿ ರಾಷ್ಟ್ರಗಳ ದುಡಿಮೆಯನ್ನು ನೆಚ್ಚಿಕೊಂಡ ಮನೆಗಳಿವೆ. ದುಬೈ, ದಮ್ಮಾಮ್, ಮಸ್ಕತ್‌ಗಳಿಂದ ಬರುವ ಮಗನನ್ನೋ ಅಳಿಯನನ್ನೋ ಕರೆತರಲು ಆಗುಂಬೆಯ ಅಥವಾ ಹುಲಿಕಲ್ಲಿನ ಘಾಟಿ ಇಳಿದು ಬಜ್ಪೆಗೆ ಹೋಗುವುದು ಇಲ್ಲಿನ ಕುಟುಂಬಗಳಿಗೆ ಹೊಸತಲ್ಲ. ಈಗ ಮಕ್ಕಳು ಎಂಜಿನಿಯರುಗಳಾಗಿ ಇನ್ನೂ ದೂರದ ದೇಶಗಳಿಗೆ ಹೋಗುತ್ತಿದ್ದಾರೆ. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೇ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿಗೆ ಬಂತು. ಹೀಗಿರುವಾಗ ವಿಮಾನ ಕಂಪನಿಗಳು ತಮ್ಮ ನೌಕರರನ್ನು ಹೇಗೆ ನಡೆಸಿಕೊಳ್ಳುತ್ತವೆ ಎಂಬುದು ನಮ್ಮ ಮನೆಯವರ ಜೀವಕ್ಕೆ ಸಂಬಂಧಿಸಿದ ವಿಷಯವೇ ಆಗಿದೆ.

ಈ ವಿಷಯವನ್ನು ಅರಿಯಲು ನಮ್ಮ ನೆಲದ ಒಂದು ಹೋರಾಟವನ್ನು ನೆನಪಿಸಿಕೊಳ್ಳುವುದು ಉಪಯುಕ್ತ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಆ ಜಗಳದ ಮೂಲದಲ್ಲಿದ್ದುದು ಒಂದು ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗವು ರೂಢಿಯ ಕೊಳಗಕ್ಕಿಂತ ದೊಡ್ಡದು ಎಂಬುದು ರೈತರ ದೂರಾಗಿತ್ತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಸಾಗರದಲ್ಲಿ ಬಂಧಿತರಾದರು. ಗೇಣಿ ಕೊಡುವುದಿಲ್ಲವೆಂದು ರೈತರು ಹಟ ಹಿಡಿದಿರಲಿಲ್ಲ. ಅಳತೆ ಸರಿಯಿರಲಿ, ಅಳೆಯುವ ಸಾಧನ ಒಬ್ಬನ ಕೈಯಲ್ಲಿ ಬೇಕಾದಂತೆ ಹಿಗ್ಗದಿರಲಿ ಎಂಬುದಷ್ಟೇ ಅವರ ಮೊದಲ ಬೇಡಿಕೆಯಾಗಿತ್ತು. ಅಲ್ಲಿ ಎದ್ದ ಕೂಗು ಮುಂದೆ ಉಳುವವನೇ ಹೊಲದೊಡೆಯ ಎಂಬ ತತ್ವಕ್ಕೆ ಬಲ ನೀಡಿತು. 1974ರ ಭೂ ಸುಧಾರಣೆಯ ಕಾನೂನು ಅದನ್ನು ಸಾಕಾರಗೊಳಿಸಿತು.

ಇಂದಿನ ವಿಮಾನಯಾನ ಕ್ಷೇತ್ರದಲ್ಲಿ ಕೊಳಗದ ಸ್ಥಾನದಲ್ಲಿರುವುದು ಗಡಿಯಾರ. ಒಬ್ಬ ಪೈಲಟ್ ಎಷ್ಟು ಗಂಟೆ ಹಾರಿಸಬಹುದು, ಎಷ್ಟು ರಾತ್ರಿಗಳು ಎಚ್ಚರವಿರಬಹುದು, ವಾರಕ್ಕೆ ಎಷ್ಟು ವಿಶ್ರಾಂತಿ ಪಡೆಯಬೇಕು ಎಂಬುದನ್ನು ಅಳೆಯುವುದು ಅದೇ. ಆ ಅಳತೆಯನ್ನು ನಿಗದಿಪಡಿಸಿ ಕಾಯಬೇಕಾದುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಅಳತೆಗೆ ಒಳಪಟ್ಟು ಸರದಿ ಪಟ್ಟಿ ತಯಾರಿಸುವುದು ಕಂಪನಿ. ಅಳೆಯಲ್ಪಡುವವನು ನೌಕರ. ಕಾಗೋಡಿನಲ್ಲಿದ್ದ ಪ್ರಶ್ನೆಯೇ ಇಲ್ಲಿಯೂ ಇದೆ: ಅಳತೆ ಸರಿಯಿದೆಯೇ?

ಡಿಜಿಸಿಎ ಸ್ವತಃ ಹೊರಡಿಸಿದ ಆದೇಶಗಳನ್ನೇ ನೋಡೋಣ. 2024ರ ಮಾರ್ಚ್ 22ರಂದು ಅದು ಏರ್ ಇಂಡಿಯಾ ಕಂಪನಿಗೆ 80 ಲಕ್ಷ ರೂಪಾಯಿ ದಂಡ ವಿಧಿಸಿತು. ಸಿಬ್ಬಂದಿಗೆ ಸಾಕಷ್ಟು ವಾರದ ವಿಶ್ರಾಂತಿ ನೀಡಿಲ್ಲ, ಅತಿ ದೂರದ ಹಾರಾಟಗಳ ಮೊದಲೂ ನಂತರವೂ ಸಾಕಷ್ಟು ವಿಶ್ರಾಂತಿ ನೀಡಿಲ್ಲ, ಪರ ಊರಿನಲ್ಲಿ ತಂಗುವಾಗಲೂ ನೀಡಿಲ್ಲ ಎಂಬುದು ತಪಾಸಣೆಯಲ್ಲಿ ಕಂಡುಬಂದಿತ್ತು. 60 ವರ್ಷ ದಾಟಿದ ಇಬ್ಬರು ಪೈಲಟ್‌ಗಳನ್ನು ಒಂದೇ ವಿಮಾನಕ್ಕೆ ಜೊತೆಯಾಗಿ ಕಳುಹಿಸಿದ ಪ್ರಕರಣವೂ ಅದರಲ್ಲಿತ್ತು. ದೂರದ ಮಾರ್ಗಗಳ ಜಾಹೀರಾತುಗಳಲ್ಲಿ ಮಲಗುವ ಆಸನಗಳ ಚಿತ್ರಗಳು ಮಿಂಚುತ್ತಿರುತ್ತವೆ. ಅದೇ ಹೊತ್ತಿಗೆ ವಿಮಾನ ನಡೆಸುವವರ ನಿದ್ರೆಯಲ್ಲಿ ಕಡಿತವಾಗಿತ್ತು ಎಂಬುದು ಸರಕಾರಿ ದಾಖಲೆಯ ಮಾತು.

ಮರುವರ್ಷ ಬೆಂಗಳೂರಿನ ಹೆಸರೇ ಈ ವಿಷಯದಲ್ಲಿ ಕೇಳಿಬಂತು. 2025ರ ಮೇ 16 ಮತ್ತು 17ರಂದು ಬೆಂಗಳೂರಿನಿಂದ ಲಂಡನ್‌ಗೆ ಹೋದ ಏರ್ ಇಂಡಿಯಾದ ಎರಡು ವಿಮಾನಗಳಲ್ಲಿ ಪೈಲಟ್‌ಗಳ ಹಾರಾಟದ ಅವಧಿ 10 ಗಂಟೆಯ ಮಿತಿಯನ್ನು ಮೀರಿತ್ತು ಎಂದು ಡಿಜಿಸಿಎ ನೋಟಿಸು ನೀಡಿತು. ಪಾಕಿಸ್ತಾನವು ಏಪ್ರಿಲ್ 24ರಿಂದ ತನ್ನ ವಾಯುಸೀಮೆಯನ್ನು ಮುಚ್ಚಿದ್ದುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತುಬಳಸಿ ಹೋಗಬೇಕಾಗಿತ್ತು. ಆ ಸಂದರ್ಭದಲ್ಲಿ ದೊರೆತ ಅನುಮತಿಯನ್ನು ತಾನು ಬೇರೆ ರೀತಿಯಲ್ಲಿ ಅರ್ಥೈಸಿದ್ದಾಗಿ ಕಂಪನಿ ವಿವರಣೆ ಕೊಟ್ಟಿತು. ಜೂನ್ 20ರ ಆದೇಶದಲ್ಲಿ ಡಿಜಿಸಿಎಯು ಸಿಬ್ಬಂದಿಯ ಸರದಿ ನಿಗದಿಪಡಿಸುವ ಹೊಣೆಯಿಂದ ಮೂವರು ಅಧಿಕಾರಿಗಳನ್ನು ತೆಗೆದುಹಾಕುವಂತೆ ಸೂಚಿಸಿತು. ಅಹ್ಮದಾಬಾದಿನಲ್ಲಿ 260 ಮಂದಿಯನ್ನು ಬಲಿ ಪಡೆದ ದುರಂತ ಜೂನ್ 12ರಂದು ನಡೆದಿತ್ತು. ಆ ದುರಂತಕ್ಕೂ ಈ ಲೋಪಗಳಿಗೂ ಸಂಬಂಧ ಕಲ್ಪಿಸುವುದು ನ್ಯಾಯವಲ್ಲ. ಆದರೆ ಮೇ ತಿಂಗಳ ಮಿತಿಮೀರುವಿಕೆಯ ಮೇಲಿನ ಕ್ರಮ ಸಾರ್ವಜನಿಕರಿಗೆ ತಿಳಿದುದು ಇಡೀ ದೇಶ ಆಘಾತದಲ್ಲಿದ್ದ ಆ ದಿನಗಳಲ್ಲಿ ಎಂಬುದು ನೆನಪಿರಬೇಕು.

ಕಂಪನಿಗಳು ವಿಶ್ರಾಂತಿಯಲ್ಲೇ ಏಕೆ ಉಳಿತಾಯ ಹುಡುಕುತ್ತವೆ? ಅತಿ ದೂರದ ಹಾರಾಟದ ಲೆಕ್ಕಾಚಾರ ಬಹಳ ಬಿಗಿಯಾದುದು. ದೂರ ಹೋಗಲು ಹೆಚ್ಚು ಇಂಧನ ಬೇಕು. ಆ ಇಂಧನದ ಭಾರವನ್ನು ಹೊರಲು ಮತ್ತಷ್ಟು ಇಂಧನ ಸುಡಬೇಕು. ಕೆಲವೊಮ್ಮೆ ಭಾರ ಇಳಿಸಲು ಆಸನಗಳನ್ನು ಖಾಲಿ ಬಿಡಬೇಕು. ಇಂಧನದ ಬೆಲೆಯಾಗಲಿ, ವಿಮಾನದ ಬಾಡಿಗೆಯಾಗಲಿ, ಯುದ್ಧದಿಂದ ಮುಚ್ಚಿದ ಆಕಾಶವಾಗಲಿ ಕಂಪನಿಯ ಹಿಡಿತದಲ್ಲಿಲ್ಲ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಸೇವೆಯೇ ನಡುವೆ ನಿಂತು, 2022ರ ಡಿಸೆಂಬರಿನಲ್ಲಿ ಪುನರಾರಂಭಗೊಂಡಿತ್ತು. ಇಷ್ಟೆಲ್ಲ ಅನಿಶ್ಚಿತತೆಯ ನಡುವೆ ಕಂಪನಿಯ ಕೈಗೆ ಸುಲಭವಾಗಿ ಸಿಗುವುದು ನೌಕರನ ಸಮಯ. ನಾಲ್ವರಿರಬೇಕಾದಲ್ಲಿ ಮೂವರು, ಎರಡು ದಿನದ ಬಿಡುವಿರಬೇಕಾದಲ್ಲಿ ಒಂದೂವರೆ ದಿನ ಎಂದು ಹಿಂಡುವ ಆಸೆ ಅಲ್ಲಿಯೇ ಹುಟ್ಟುತ್ತದೆ. ಹಾಗೆ ಹಿಂಡಿದ್ದು ಲೆಕ್ಕಪತ್ರದಲ್ಲಿ ಲಾಭವಾಗಿ ಕಾಣುತ್ತದೆ. ಅದರ ನಷ್ಟ ಮಾತ್ರ ವಿಮಾನದಲ್ಲಿ ಕುಳಿತವರ ಪಾಲಾಗುತ್ತದೆ.

ದಣಿವು ದೂರದ ಮಾರ್ಗಗಳಿಗೆ ಮಾತ್ರ ಸೀಮಿತವೆಂದು ಭಾವಿಸಬೇಕಾಗಿಲ್ಲ. 2010ರ ಮೇ 22ರ ಮುಂಜಾನೆಯನ್ನು ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ಜನ ಮರೆಯಲಾರರು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಓಡುದಾರಿಯನ್ನು ಮೀರಿ ಕಂದರಕ್ಕೆ ಬಿದ್ದು 158 ಮಂದಿ ಪ್ರಾಣ ಕಳೆದುಕೊಂಡರು. ಬದುಕುಳಿದವರು ಎಂಟೇ ಮಂದಿ. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯವು ತನ್ನ ವರದಿಯಲ್ಲಿ ಹೇಳಿದ ಸಂಗತಿಗಳು ಎದೆ ನಡುಗಿಸುವಂತಿವೆ. ಅದು ನಾಲ್ಕು ಗಂಟೆಗಳ ಹಾರಾಟವಷ್ಟೆ. ಅದೇ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹೋಗಿ ಮರಳುತ್ತಿದ್ದರು. ಕ್ಯಾಪ್ಟನ್ ಹಾರಾಟದ ಬಹುಭಾಗ ನಿದ್ರಿಸಿದ್ದರು. ಅವರ ಗೊರಕೆಯ ಸದ್ದು ಧ್ವನಿಮುದ್ರಣ ಯಂತ್ರದಲ್ಲಿ ದಾಖಲಾಗಿತ್ತು. ಗಾಢ ನಿದ್ರೆಯಿಂದ ಎದ್ದವನ ಮಬ್ಬು ಅವರ ನಿರ್ಧಾರಶಕ್ತಿಯನ್ನು ಕುಂದಿಸಿತು ಎಂಬುದನ್ನು ವರದಿ ದುರಂತಕ್ಕೆ ಪೂರಕವಾದ ಕಾರಣಗಳಲ್ಲಿ ಒಂದಾಗಿ ಪಟ್ಟಿ ಮಾಡಿತು. ನಡುರಾತ್ರಿ ಕಳೆದು ಬೆಳಗಾಗುವವರೆಗಿನ ಹೊತ್ತು ಮನುಷ್ಯನ ದೇಹ ಅತ್ಯಂತ ಜಡವಾಗಿರುವ ಹೊತ್ತು. ಕೊಲ್ಲಿಯಿಂದ ನಮ್ಮವರನ್ನು ಹೊತ್ತು ತರುವ ಎಷ್ಟೋ ವಿಮಾನಗಳು ಹಾರುವುದು ಅದೇ ಹೊತ್ತಿನಲ್ಲಿ.

ಆ ವರದಿಯ ಇನ್ನೊಂದು ಅಂಶ ಕಾರ್ಮಿಕ ಸಂಬಂಧದ ಮೂಲಕ್ಕೇ ಕೈ ಹಾಕುತ್ತದೆ. ವಿಮಾನ ತಪ್ಪಾದ ರೀತಿಯಲ್ಲಿ ಇಳಿಯುತ್ತಿದೆ ಎಂಬುದನ್ನು ಗಮನಿಸಿದ ಸಹ ಪೈಲಟ್, ಇಳಿಸುವುದನ್ನು ಬಿಟ್ಟು ಮತ್ತೆ ಮೇಲಕ್ಕೇರುವಂತೆ ಮೂರು ಬಾರಿ ಎಚ್ಚರಿಸಿದ್ದರು. ಯಂತ್ರವೂ ಎಚ್ಚರಿಸಿತ್ತು. ಆದರೂ ವಿಮಾನ ಇಳಿಯಿತು. ಕೆಳಗಿನವನ ಮಾತಿಗೆ ಬೆಲೆಯಿಲ್ಲದ ಕಡೆ ಸತ್ಯ ತಿಳಿದಿದ್ದರೂ ಪ್ರಯೋಜನಕ್ಕೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷ್ಯ ಬೇಕೇ?

ದುರಂತ ನಡೆದು ಮೂರು ದಿನಗಳಾಗಿದ್ದವು. ಮೇ 25ರಂದು ಏರ್ ಇಂಡಿಯಾದ ಎಂಜಿನಿಯರುಗಳೂ ನೆಲದ ಸಿಬ್ಬಂದಿಯೂ ದಿಢೀರ್ ಮುಷ್ಕರ ಹೂಡಿದರು. ಮಾಧ್ಯಮಗಳೊಂದಿಗೆ ಮಾತನಾಡಕೂಡದೆಂಬ ಆಡಳಿತದ ಆದೇಶವು ಅವರ ಸಿಟ್ಟಿನ ಕಾರಣಗಳಲ್ಲಿ ಒಂದಾಗಿತ್ತು. ದಿಲ್ಲಿ ಹೈಕೋರ್ಟು ಮುಷ್ಕರಕ್ಕೆ ತಡೆ ನೀಡಿತು. ಹಲವರು ಕೆಲಸ ಕಳೆದುಕೊಂಡರು, ಎರಡು ಸಂಘಗಳ ಮಾನ್ಯತೆ ರದ್ದಾಯಿತು. ಮನೆ ಮನೆಗಳಲ್ಲಿ ಶೋಕವಿದ್ದ ಹೊತ್ತಿನಲ್ಲಿ ವಿಮಾನಗಳನ್ನು ನಿಲ್ಲಿಸಿದ್ದು ಜನರಿಗೆ ಸರಿ ಕಾಣಲಿಲ್ಲ. ಆ ಬೇಸರ ಸಹಜವಾದುದು. ಆದರೆ ಸುರಕ್ಷತೆಯ ಬಗ್ಗೆ ಅತ್ಯಂತ ಹೆಚ್ಚು ತಿಳಿದಿರುವ ಎಂಜಿನಿಯರನ ಬಾಯಿಗೇ ಬೀಗ ಹಾಕುವುದರಿಂದ ಯಾರಿಗೆ ಒಳಿತಾದೀತು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮುಳುಗಿಹೋಯಿತು. 14 ವರ್ಷಗಳ ಬಳಿಕ, 2024ರ ಜನವರಿಯಲ್ಲಿ, ದೂರದ ಕೆಲವು ಮಾರ್ಗಗಳಲ್ಲಿ ಬಾಡಿಗೆ ವಿಮಾನಗಳ ಬಳಕೆಯಲ್ಲಿ ಸುರಕ್ಷತಾ ನಿಯಮ ಪಾಲನೆಯಾಗಿಲ್ಲವೆಂದು ಡಿಜಿಸಿಎ ಏರ್ ಇಂಡಿಯಾಕ್ಕೆ 1.10 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿ ಆ ಆದೇಶವನ್ನು ಒಪ್ಪಲಿಲ್ಲ. ಅದೇನೇ ಇರಲಿ, ಆ ತನಿಖೆ ಆರಂಭವಾದುದು ಕಂಪನಿಯ ನೌಕರನೊಬ್ಬ ಸ್ವಯಂಪ್ರೇರಿತನಾಗಿ ಕೊಟ್ಟ ದೂರಿನಿಂದ ಎಂಬುದು ಇಲ್ಲಿ ಮುಖ್ಯ. ಒಬ್ಬ ನೌಕರ ಮಾತನಾಡಿದುದರಿಂದಲೇ ವಿಷಯ ಬೆಳಕಿಗೆ ಬಂತು.

ನೌಕರರ ಪರವಾಗಿ ಇಷ್ಟು ಹೇಳಿದ ಮೇಲೆ ಮುಷ್ಕರಗಳ ಇನ್ನೊಂದು ಮುಖವನ್ನೂ ಮರೆಮಾಚಬಾರದು. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ವಿಲೀನಗೊಂಡವು. ಎರಡೂ ಕಡೆಯ ನೌಕರರ ವೇತನ, ಬಡ್ತಿ, ಹಿರಿತನಗಳನ್ನು ಹೊಂದಿಸುವ ಕೆಲಸ ವರ್ಷಗಟ್ಟಲೆ ಬಾಕಿ ಉಳಿಯಿತು. 2011ರಲ್ಲಿ ಒಂದು ಗುಂಪಿನ ಪೈಲಟ್‌ಗಳು ವೇತನ ಸಮಾನತೆಗಾಗಿ ಮುಷ್ಕರ ಹೂಡಿದರೆ, 2012ರ ಮೇ ತಿಂಗಳಲ್ಲಿ ಇನ್ನೊಂದು ಗುಂಪಿನವರು ಹೊಸ ಬೋಯಿಂಗ್ 787 ವಿಮಾನದ ತರಬೇತಿ ಯಾರಿಗೆ ಸಿಗಬೇಕೆಂಬ ವಿವಾದದಲ್ಲಿ ಕೆಲಸ ಬಿಟ್ಟರು. 58 ದಿನಗಳ ಆ ಮುಷ್ಕರದಿಂದ ದೂರದ ಅಂತಾರಾಷ್ಟ್ರೀಯ ವಿಮಾನಗಳೇ ಹೆಚ್ಚು ರದ್ದಾದವು. ಅಲ್ಲಿ ನೌಕರ ನೌಕರನ ವಿರುದ್ಧವೇ ನಿಂತಿದ್ದನು. ವಿಲೀನವನ್ನು ಕಾಗದದ ಮೇಲೆ ಮುಗಿಸಿ, ಮನುಷ್ಯರನ್ನು ಹೊಂದಿಸುವ ಹೊಣೆಯನ್ನು ಮುಂದೂಡಿದ ಆಡಳಿತದ ಪಾಲೂ ಅದರಲ್ಲಿ ಕಡಿಮೆಯಿರಲಿಲ್ಲ.

2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾ ಸಮೂಹದ ಕೈ ಸೇರಿತು. ಮತ್ತೆ ವಿಲೀನಗಳಾದವು. ಮತ್ತೆ ಅದೇ ಬಗೆಯ ಅಸಮಾಧಾನ ತಲೆಯೆತ್ತಿತು. 2024ರ ಮೇ 7ರ ರಾತ್ರಿಯಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ನೂರಾರು ಕ್ಯಾಬಿನ್ ಸಿಬ್ಬಂದಿ ಏಕಕಾಲಕ್ಕೆ ಅನಾರೋಗ್ಯದ ರಜೆ ಹಾಕಿದರು. ಕೊಲ್ಲಿಗೆ ಹೋಗುವ ವಿಮಾನಗಳು ಸಾಲುಸಾಲಾಗಿ ರದ್ದಾದವು. ವೀಸಾದ ಅವಧಿ ಮುಗಿಯುತ್ತಿದ್ದವರು, ರಜೆ ತೀರಿ ಕೆಲಸಕ್ಕೆ ಹಾಜರಾಗಬೇಕಾದವರು, ರೋಗಿಗಳನ್ನು ಕಾಣಲು ಹೊರಟವರು ನಿಲ್ದಾಣಗಳಲ್ಲೇ ಉಳಿದರು. ಕಂಪನಿ 25 ಮಂದಿಯನ್ನು ವಜಾ ಮಾಡಿತು. ಮೇ 9ರಂದು ದಿಲ್ಲಿಯಲ್ಲಿ ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಸಮ್ಮುಖದಲ್ಲಿ ಮಾತುಕತೆ ನಡೆದು, ವಜಾಗೊಂಡವರನ್ನು ಮರಳಿ ತೆಗೆದುಕೊಳ್ಳಲು ಕಂಪನಿ ಒಪ್ಪಿತು, ನೌಕರರು ಕೆಲಸಕ್ಕೆ ಹಿಂತಿರುಗಿದರು. ಎರಡೇ ದಿನಗಳಲ್ಲಿ ಕುಳಿತು ಮಾತನಾಡಿ ಮುಗಿಸಬಹುದಾಗಿದ್ದ ವಿಷಯವನ್ನು ಪ್ರಯಾಣಿಕರು ಬವಣೆ ಪಡುವವರೆಗೆ ಎಳೆದುದೇಕೆ? ಮುನ್ಸೂಚನೆಯಿಲ್ಲದೆ ಬಡ ಪ್ರಯಾಣಿಕನನ್ನು ನಡುನೀರಿನಲ್ಲಿ ಕೈಬಿಡುವ ಮುಷ್ಕರ ಸಮರ್ಥನೀಯವಲ್ಲ. ಹಾಗೆಯೇ ದೂರು ಕೇಳುವ ಬಾಗಿಲನ್ನು ತಿಂಗಳುಗಟ್ಟಲೆ ಮುಚ್ಚಿಟ್ಟು, ಕೊನೆಗೆ ವಜಾ ಆದೇಶದೊಂದಿಗೆ ಅದನ್ನು ತೆರೆಯುವ ಆಡಳಿತವೂ ಸಮರ್ಥನೀಯವಲ್ಲ.

ಈಗ ಕಾನೂನು ಮುಷ್ಕರದ ದಾರಿಯನ್ನು ಇನ್ನಷ್ಟು ಕಿರಿದಾಗಿಸಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಕಡ್ಡಾಯ. ಶೇಕಡಾ 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಪರಿಗಣಿಸಲಾಗುತ್ತದೆ. ಪ್ರಯಾಣಿಕನ ದೃಷ್ಟಿಯಿಂದ ಮುನ್ಸೂಚನೆ ಅಗತ್ಯವೇ ಹೌದು. ಆದರೆ ನೌಕರನ ಕೈ ಕಟ್ಟುವಷ್ಟೇ ಶ್ರದ್ಧೆಯಿಂದ ಆಡಳಿತದ ಕಿವಿ ತೆರೆಸುವ ಏರ್ಪಾಡನ್ನೂ ಸರಕಾರ ಮಾಡಿದಾಗ ಮಾತ್ರ ಅದನ್ನು ನ್ಯಾಯವೆನ್ನಬಹುದು.

ಅಳತೆಯ ಕಾವಲುಗಾರನೇ ಅಳತೆಯನ್ನು ಸಡಿಲಿಸಿದರೆ ಏನಾಗುತ್ತದೆ? ಪೈಲಟ್‌ಗಳ ದಣಿವಿನ ಬಗ್ಗೆ ವರ್ಷಗಳ ಚರ್ಚೆಯ ಬಳಿಕ 2024ರ ಜನವರಿಯಲ್ಲಿ ಡಿಜಿಸಿಎ ಹೊಸ ನಿಯಮಗಳನ್ನು ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಬೇಕು, ರಾತ್ರಿಯ ಹೊತ್ತು ವಿಮಾನ ಇಳಿಸುವ ಸಂಖ್ಯೆ ಆರರಿಂದ ಎರಡಕ್ಕೆ ಇಳಿಯಬೇಕು ಎಂಬುದು ಅವುಗಳ ಸಾರ. ಕಂಪನಿಗಳ ಆಕ್ಷೇಪದಿಂದ ಜಾರಿ ಮುಂದಕ್ಕೆ ಹೋಯಿತು. ದಿಲ್ಲಿ ಹೈಕೋರ್ಟಿನಲ್ಲಿ ಪೈಲಟ್ ಸಂಘಗಳು ಹೋರಾಡಿದ ಮೇಲೆ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತಗಳಲ್ಲಿ ಜಾರಿಗೆ ಬಂತು. ಸಿದ್ಧತೆಗೆ ಸಾಕಷ್ಟು ಕಾಲವಿತ್ತು. ಆದರೂ ದೇಶದ ಅತಿ ದೊಡ್ಡ ಕಂಪನಿಯಾದ ಇಂಡಿಗೋ ಬೇಕಾದಷ್ಟು ಪೈಲಟ್‌ಗಳಿಲ್ಲದೆ ಡಿಸೆಂಬರಿನ ಮೊದಲ ವಾರದಲ್ಲಿ ಕುಸಿಯಿತು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲಿ ಜನ ತಮ್ಮ ಪೆಟ್ಟಿಗೆಗಳನ್ನು ಹುಡುಕುತ್ತಾ ರಾತ್ರಿ ಕಳೆದರು. ಆಗ ಡಿಜಿಸಿಎ ಮಾಡಿದ್ದೇನು? ರಾತ್ರಿ ಹಾರಾಟದ ನಿಯಮಗಳಿಂದ ಆ ಕಂಪನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ನೀಡಿತು. ಸಿದ್ಧತೆ ಮಾಡಿಕೊಳ್ಳದ ಕಂಪನಿಯ ಬಿಕ್ಕಟ್ಟಿಗೆ ಪೈಲಟ್‌ನ ನಿದ್ರೆಯಿಂದ ಪರಿಹಾರ ಕೊಟ್ಟಂತಾಯಿತು. ಅಂದು ಯಾರೂ ಮುಷ್ಕರ ಹೂಡಿರಲಿಲ್ಲ ಎಂಬುದನ್ನೂ ಗಮನಿಸಬೇಕು. ವಿಮಾನಗಳು ನಿಲ್ಲುವುದಕ್ಕೆ ಸದಾ ನೌಕರರ ಹಟವೇ ಕಾರಣವೆಂಬ ಮಾತು ಅಂದೇ ಸುಳ್ಳಾಯಿತು.

ಈ ಸಮಸ್ಯೆ ನಮ್ಮ ದೇಶಕ್ಕೆ ಸೀಮಿತವಲ್ಲ. ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿ 2018ರಲ್ಲಿ ಪರ್ತ್‌ನಿಂದ ಲಂಡನ್‌ಗೆ ನೇರ ವಿಮಾನ ಆರಂಭಿಸಿತು. ಸಿಡ್ನಿಯಿಂದ ಲಂಡನ್‌ಗೆ 20 ಗಂಟೆಗಳಷ್ಟು ನಿಲ್ಲದೆ ಹಾರುವ ಯೋಜನೆಯನ್ನೂ ಅದು ಕೈಗೆತ್ತಿಕೊಂಡಿತು. ಆ ಹಾರಾಟಕ್ಕೆ ತಾನು ಹೇಳಿದ ಷರತ್ತುಗಳನ್ನು ಒಪ್ಪದಿದ್ದರೆ ಹೊರಗಿನಿಂದ ಬೇರೆ ಪೈಲಟ್‌ಗಳನ್ನು ನೇಮಿಸಿಕೊಳ್ಳುವುದಾಗಿ ಅದು ತನ್ನ ಪೈಲಟ್‌ಗಳಿಗೆ ಹೇಳಿತ್ತು. 2020ರ ಮಾರ್ಚ್‌ನಲ್ಲಿ ಅವರು ಒಪ್ಪಿದರು. ಅದೇ ವರ್ಷ ಕೊರೋನಾ ಕಾಲದಲ್ಲಿ ಸಾಮಾನು ಹೊರುವ, ವಿಮಾನ ತೊಳೆಯುವ ನೆಲದ ಕಾರ್ಮಿಕರ ಕೆಲಸವನ್ನು ಕಂಪನಿ ಗುತ್ತಿಗೆಗೆ ಕೊಟ್ಟಿತು. ಕೆಲಸ ಕಳೆದುಕೊಂಡವರು 1,820 ಮಂದಿ. ಅವರ ಸಂಘ ನ್ಯಾಯಾಲಯಕ್ಕೆ ಹೋಯಿತು. ಆ ಕ್ರಮ ಕಾನೂನುಬಾಹಿರವೆಂದು 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಾಲಯ ಸರ್ವಾನುಮತದಿಂದ ತೀರ್ಪಿತ್ತಿತು. 2025ರ ಆಗಸ್ಟ್‌ನಲ್ಲಿ 9 ಕೋಟಿ ಆಸ್ಟ್ರೇಲಿಯನ್ ಡಾಲರುಗಳ ದಂಡ ಬಿತ್ತು. ಕಾರ್ಮಿಕರಿಗೆ ಪರಿಹಾರವಾಗಿ 12 ಕೋಟಿ ಡಾಲರು ಕೊಡಬೇಕಾದುದು ಬೇರೆ. ಸಂಘ ಬಲವಾಗಿದ್ದು ನ್ಯಾಯಾಲಯ ದಿಟ್ಟವಾಗಿದ್ದರೆ ದೊಡ್ಡ ಕಂಪನಿಯೂ ತಲೆಬಾಗಬೇಕಾಗುತ್ತದೆ ಎಂಬುದನ್ನು ಇದು ತೋರಿಸುತ್ತದೆ. ನಮ್ಮಲ್ಲಿ 80 ಲಕ್ಷ ರೂಪಾಯಿಯ ದಂಡ ಒಂದು ದೊಡ್ಡ ಕಂಪನಿಗೆ ಎಷ್ಟು ನಾಟೀತು ಎಂಬುದನ್ನು ಓದುಗರೇ ಊಹಿಸಬಹುದು.

ನೌಕರರಿಗೆ ಹೆಚ್ಚು ವಿಶ್ರಾಂತಿ ನೀಡಿದರೆ ಟಿಕೆಟಿನ ಬೆಲೆ ಏರುತ್ತದೆ, ಅದರ ಹೊರೆ ಬಡವನ ಮೇಲೆಯೇ ಬೀಳುತ್ತದೆ ಎಂದು ವಾದಿಸುವವರಿದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ಕಾರ್ಮಿಕನಿಗೆ ಟಿಕೆಟಿನ ಬೆಲೆ ಒಂದು ತಿಂಗಳ ದುಡಿಮೆಯನ್ನೇ ನುಂಗಬಹುದು. ಆದರೆ ರಜಾ ದಿನಗಳಲ್ಲಿ, ಹಬ್ಬದ ಮುಂಚಿನ ವಾರಗಳಲ್ಲಿ ಕೊಲ್ಲಿ ಮಾರ್ಗದ ದರಗಳು ಗಗನಕ್ಕೇರುವುದು ಪೈಲಟ್‌ಗೆ ವಿಶ್ರಾಂತಿ ಕೊಟ್ಟ ಕಾರಣದಿಂದಲ್ಲವಲ್ಲ? ಬೇಡಿಕೆ ಕಂಡು ದರ ಏರಿಸುವಾಗ ನೆನಪಾಗದ ಬಡವ, ನೌಕರನ ವಿಶ್ರಾಂತಿಯ ಮಾತು ಬಂದಾಗ ಮಾತ್ರ ನೆನಪಾಗುವುದು ವಿಚಿತ್ರ. ಮೇಲಾಗಿ ಅಗ್ಗದ ಟಿಕೆಟಿನ ಹೆಸರಿನಲ್ಲಿ ಬಡವನು ದಣಿದ ಪೈಲಟ್‌ನ ವಿಮಾನ ಹತ್ತಬೇಕೆಂದು ಹೇಳುವುದು ಯಾವ ನ್ಯಾಯ?

ಈ ಸತ್ಯವನ್ನು ತಿಳಿಯಲು ನಮ್ಮ ಜನರಿಗೆ ವಿಮಾನಶಾಸ್ತ್ರ ಬೇಕಾಗಿಲ್ಲ. ರಾತ್ರಿಯಿಡೀ ಘಾಟಿಯಲ್ಲಿ ಗಾಡಿ ಓಡಿಸಿ ಬಂದ ಚಾಲಕನಿಗೆ ಒಂದು ಗಳಿಗೆ ಮಲಗಿ ಹೊರಡಪ್ಪಾ ಎಂದು ಹೇಳದ ಮನೆ ಮಲೆನಾಡಿನಲ್ಲಿಲ್ಲ. ಬಸ್ಸು, ಲಾರಿಗಳ ನೌಕರರ ದುಡಿಮೆಯನ್ನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳಿಗೆ ಸಾಮಾನ್ಯ ಮಿತಿಯಾಗಿ ನಿಗದಿಪಡಿಸಿದ ಕಾನೂನು 1961ರಲ್ಲೇ ಬಂದಿತ್ತು. ಬಾಡಿಗೆ ಕಾರಿನ ಚಾಲಕನ ಬಗ್ಗೆ ನಮಗಿರುವ ಈ ಸಾಮಾನ್ಯ ವಿವೇಕವನ್ನೇ ವಿಮಾನದ ಪೈಲಟ್, ಎಂಜಿನಿಯರ್, ಕ್ಯಾಬಿನ್ ಸಿಬ್ಬಂದಿ, ಸಾಮಾನು ಹೊರುವವರ ವಿಷಯದಲ್ಲಿಯೂ ಕಾರ್ಯಗತಗೊಳಿಸಬೇಕೆಂದು ನಾವು ಒತ್ತಾಯಿಸಬೇಕಾಗಿದೆ.

ಏನಾಗಬೇಕು? ಮೊದಲನೆಯದಾಗಿ, ವಿಶ್ರಾಂತಿಯ ನಿಯಮಗಳಿಂದ ಯಾವ ಕಂಪನಿಗೂ ವಿನಾಯಿತಿ ಕೊಡುವ ಪದ್ಧತಿ ನಿಲ್ಲಬೇಕು. ಬೇಕಾದಷ್ಟು ಸಿಬ್ಬಂದಿಯಿಲ್ಲದ ಕಂಪನಿಗೆ ಹೊಸ ಮಾರ್ಗಗಳ ಅನುಮತಿಯನ್ನೇ ನೀಡಬಾರದು. ಎರಡನೆಯದಾಗಿ, ದಣಿವಿನ ಬಗ್ಗೆ ಪೈಲಟ್‌ಗಳು ಕೊಡುವ ವರದಿಗಳೆಷ್ಟು, ಅವುಗಳ ಮೇಲೆ ಕೈಗೊಂಡ ಕ್ರಮಗಳೇನು ಎಂಬುದನ್ನು ಪ್ರತಿಯೊಂದು ಕಂಪನಿಯ ಹೆಸರಿನೊಂದಿಗೆ ಡಿಜಿಸಿಎ ನಿಯಮಿತವಾಗಿ ಪ್ರಕಟಿಸಬೇಕು. ಮೂರನೆಯದಾಗಿ, ಸುರಕ್ಷತೆಯ ಬಗ್ಗೆ ಮಾತನಾಡುವ ನೌಕರನಿಗೆ ಕಾನೂನಿನ ರಕ್ಷಣೆ ಇರಬೇಕು. ನಾಲ್ಕನೆಯದಾಗಿ, ವಿಲೀನವಾಗಲಿ, ಹೊಸ ಮಾರ್ಗವಾಗಲಿ ಆರಂಭವಾಗುವ ಮುನ್ನವೇ ಮಾನ್ಯತೆ ಪಡೆದ ಸಂಘಗಳೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ಬಿಕ್ಕಟ್ಟು ಉಂಟಾದ ಮೇಲೆ ಆಯುಕ್ತರ ಕಚೇರಿಗೆ ಓಡುವುದರಿಂದ ಪ್ರಯಾಣಿಕನಿಗೆ ಆದ ನಷ್ಟ ತುಂಬಿ ಬರುವುದಿಲ್ಲ.

ಪ್ರಯಾಣಿಕರೂ ತಮ್ಮ ಹಕ್ಕುಗಳನ್ನು ಅರಿತಿರಬೇಕು. ವಿಮಾನ ರದ್ದಾದರೆ ಬದಲಿ ವಿಮಾನ ಅಥವಾ ಹಣ ವಾಪಸು ಕೇಳುವ ಹಕ್ಕು ಡಿಜಿಸಿಎ ನಿಯಮಗಳಲ್ಲೇ ಇದೆ. ಸಕಾಲದಲ್ಲಿ ತಿಳಿಸದೆ ರದ್ದು ಮಾಡಿದರೆ, ಕಂಪನಿಯ ಕೈಮೀರಿದ ಕಾರಣಗಳಿಲ್ಲದಿದ್ದಲ್ಲಿ, ಹಾರಾಟದ ಅವಧಿಗೆ ಅನುಗುಣವಾಗಿ 10 ಸಾವಿರ ರೂಪಾಯಿಯವರೆಗೆ ಪರಿಹಾರಕ್ಕೂ ಅವಕಾಶವಿದೆ. ನಮ್ಮ ಜಮಾಅತ್‌ಗಳೂ ಯುವಕ ಸಂಘಗಳೂ ಇಂತಹ ಮಾಹಿತಿಯನ್ನು ಕೊಲ್ಲಿಗೆ ಹೊರಡುವವರಿಗೆ ಒದಗಿಸಿದರೆ, ಕೌಂಟರಿನ ಮುಂದೆ ಗೋಗರೆಯುವ ಸ್ಥಿತಿ ಬದಲಾದೀತು. ಮುಷ್ಕರದ ಸುದ್ದಿ ಬಂದಾಗ, ನೌಕರರನ್ನು ಬೈಯುವ ಮೊದಲು ಅವರು ಕೇಳುತ್ತಿರುವುದೇನು ಎಂದು ವಿಚಾರಿಸುವ ತಾಳ್ಮೆಯನ್ನೂ ನಾವು ಬೆಳೆಸಿಕೊಳ್ಳಬೇಕು. ಕೊಲ್ಲಿಯಲ್ಲಿ ರಜೆ ಸಿಗದ, ಹೆಚ್ಚುವರಿ ದುಡಿಮೆಗೆ ಕೂಲಿ ಸಿಗದ ನೋವು ಏನೆಂದು ಬಲ್ಲ ಕುಟುಂಬಗಳಿಗೆ ಇದು ಕಷ್ಟದ ಮಾತಲ್ಲ.

ಇದೇ ಪ್ರಶ್ನೆಯನ್ನು ನಮ್ಮ ಪೇಟೆಗಳಿಗೂ ಕೇಳಿಕೊಳ್ಳಬೇಕು. ಬೆಳಗ್ಗೆ ಬಾಗಿಲು ತೆಗೆದು ರಾತ್ರಿ ಮುಚ್ಚುವವರೆಗೆ ನಿಂತೇ ಇರುವ ಅಂಗಡಿಯ ಹುಡುಗನಿಗೆ ವಾರಕ್ಕೊಂದು ರಜೆ ಸಿಗುತ್ತಿದೆಯೇ? ಅಂಗಡಿಗಳ ಕುರಿತ 1961ರ ಕರ್ನಾಟಕದ ಕಾಯಿದೆ ಆ ರಜೆಯನ್ನು ಅವನ ಹಕ್ಕೆಂದು ಹೇಳಿದೆ. ಹೋಟೆಲಿನ ಸಪ್ಲೈಯರ್, ಲಾರಿಯ ಕ್ಲೀನರ್, ಅಡಿಕೆ ಸುಲಿಯುವ ಹೆಂಗಸರು, ಇವರೆಲ್ಲರ ದುಡಿಮೆಯನ್ನು ಅಳೆಯುವ ಕೊಳಗ ಯಾರ ಕೈಯಲ್ಲಿದೆ, ಅದು ಸರಿಯಿದೆಯೇ? ದೊಡ್ಡ ಕಂಪನಿಯಿಂದ ನ್ಯಾಯ ಬಯಸುವವರು ತಮ್ಮ ಗಲ್ಲಾಪೆಟ್ಟಿಗೆಯ ಮುಂದೆಯೂ ಅದನ್ನು ಪಾಲಿಸಿದರೆ ಮಾತಿಗೆ ತೂಕ ಬರುತ್ತದೆ.

ಮುಂದಿನ ವರ್ಷಗಳಲ್ಲಿ ವಿಮಾನಗಳು ಇನ್ನೂ ದೂರ ಹಾರಲಿವೆ. ಅವು ಹಾರಲಿ. ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿದ ತಾಯಂದಿರಿಗೆ ಅವರು ಒಂದೇ ಹಾರಾಟದಲ್ಲಿ ಮನೆ ಸೇರುವುದಕ್ಕಿಂತ ದೊಡ್ಡ ಸಮಾಧಾನ ಬೇರೆ ಯಾವುದಿದೆ? ಆದರೆ ಪ್ರತಿಯೊಂದು ಹೊಸ ಮಾರ್ಗದ ಉದ್ಘಾಟನೆಯ ದಿನ ನಾವು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ವಿಮಾನವನ್ನು ನಡೆಸುವವರು ನಿನ್ನೆ ರಾತ್ರಿ ಮಲಗಿದ್ದರೇ? ಕಾಗೋಡಿನ ರೈತರು ಒಂದು ಕೊಳಗದ ಅಳತೆಯನ್ನು ಪ್ರಶ್ನಿಸಿ ಇಡೀ ನಾಡಿನ ಕಾನೂನು ಬದಲಾಗಲು ಕಾರಣರಾದರು. 158 ಜೀವಗಳನ್ನು ಬಜ್ಪೆಯಲ್ಲಿ ಕಳೆದುಕೊಂಡ ಸೀಮೆಯ ಜನರಾದ ನಮಗೆ ಈ ಗಡಿಯಾರದ ಅಳತೆಯನ್ನು ಪ್ರಶ್ನಿಸುವ ಹಕ್ಕು ಯಾರಿಗಿಂತಲೂ ಹೆಚ್ಚಿದೆ.